ನೀಲಮ್ಮ ಉಪ್ಪಿನ ಗದ್ದೆ ದಾಟಿದ ದಿನ

ಬೆಳಗಿನ ಐದೂಮುಕ್ಕಾಲು. ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಇನ್ನೂ ರಾತ್ರಿಯ ತಂಪು ಉಳಿದಿದೆ. ಮೊಗಲಿಪೇಟದ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ, ಉದ್ದನೆಯ ಬೆಂಚಿನ ಮೇಲೆ ಹತ್ತು ಮಂದಿ ಸಾಲಾಗಿ ಕುಳಿತಿದ್ದಾರೆ. ಬಳೆಗಾರ ಬಂದಾಗ ಮನೆಯ ಹೆಣ್ಣುಮಕ್ಕಳು ಕೈ ಚಾಚಿ ಕೂರುವ ಹಾಗೆ ಎಲ್ಲರೂ ಒಂದೊಂದು ತೋಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಾರೆ. ಒಳಗೆ ನೆಲ ಒರೆಸಿ ಮುಗಿಸಿದ ಕೂರ್ಮಮ್ಮ ಸೋಪಿನಲ್ಲಿ ಎರಡು ಸಲ ಕೈ ತೊಳೆದು, ಗಾಳಿಗೆ ಆರಿಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಮೊದಲನೆಯವನ ತೋಳಿನ ಮೇಲೆ ಮೂರು ಬೆರಳು ಇಟ್ಟು ಕಣ್ಣು ಮುಚ್ಚುತ್ತಾರೆ.

“ಮಾತಾಡ್ತಿದೆ” ಎಂದು ಮುಂದಕ್ಕೆ ಸರಿಯುತ್ತಾರೆ. “ನಿಂದೂ ಮಾತಾಡ್ತಿದೆ. ನಿನ್ನ ಹಾಗೇ, ಸ್ವಲ್ಪ ಗಂಟಲು ಜೋರು.”

“ಅತ್ತೆ, ನಂದು?” ಎನ್ನುತ್ತಾಳೆ ಮೂರನೆಯವಳು.

“ನಿಂದು ಚಾಡಿ ಹೇಳ್ತಿದೆ. ನಿನ್ನೆ ನೀರು ಜಾಸ್ತಿ ಕುಡಿದಳು ಅಂತಿದೆ.”

“ಅಯ್ಯೋ, ಒಂದೇ ಲೋಟ ಅತ್ತೆ! ನೂಕಾಲಮ್ಮನ ಆಣೆ.”

“ಅಮ್ಮನ್ನ ಯಾಕೆ ಎಳೀತೀಯ ಮಧ್ಯಕ್ಕೆ? ತೂಕದ ಯಂತ್ರದ ಮೇಲೆ ನಿಂತು ಹೇಳು ಆ ಮಾತು.”

ಬೆಂಚಿನ ಉದ್ದಕ್ಕೂ ಸಣ್ಣ ನಗೆ ಹರಿಯುತ್ತದೆ. ಮೂತ್ರಪಿಂಡ ಸೋತವರ ತೋಳಿನಲ್ಲಿ ವೈದ್ಯರು ಎರಡು ರಕ್ತನಾಳಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿರುತ್ತಾರೆ. ಡಯಾಲಿಸಿಸ್ ಸೂಜಿ ಚುಚ್ಚುವುದು ಅಲ್ಲಿಗೇ. ಆ ಜಾಗ ಚೆನ್ನಾಗಿದ್ದರೆ ಚರ್ಮದ ಕೆಳಗೆ ರಕ್ತ ಝುಮ್ಮೆಂದು ಹರಿಯುವುದು ಬೆರಳಿಗೆ ತಿಳಿಯುತ್ತದೆ. ಅದು ಸುಮ್ಮನಾದರೆ ಆ ತೋಳು ಇನ್ನು ಕೆಲಸಕ್ಕೆ ಬಾರದು. ಕೂರ್ಮಮ್ಮ ಆ ಝುಮ್ಮೆನ್ನುವುದನ್ನೇ ಮಾತು ಎನ್ನುತ್ತಾರೆ. ಹತ್ತು ತೋಳೂ ಮಾತಾಡಿದ ಮೇಲೆ ಗೋಡೆಯ ಮೇಲಿನ ದೇವರ ಪಟಕ್ಕೆ ಒಮ್ಮೆ ಕೈ ಮುಗಿದು ವಾರ್ಡಿನ ಬಾಗಿಲು ತೆರೆಯುತ್ತಾರೆ.

ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು ‘ಸ್ವಚ್ಛತಾ ಕೆಲಸ’ ಎಂದು ಮಾತ್ರ. ಕಸ ಗುಡಿಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಚೆಲ್ಲಿದ್ದನ್ನು ಒರೆಸುವುದು. ಆದರೆ ಹನ್ನೊಂದು ವರ್ಷಗಳಿಂದ ಉದ್ದಾನ ಎಂಬ ಈ ಕಡಲತೀರದ ಸೀಮೆಯ ಜನ ಅವರನ್ನು ಕರೆಯುವುದು ‘ಒತ್ತೋ ಅಮ್ಮ’ ಎಂದು. ದಿನಕ್ಕೆ ಮೂರು ಸರದಿ, ಒಂದೊಂದು ಸರದಿಯಲ್ಲಿ ಹತ್ತು ಹಾಸಿಗೆ, ಒಬ್ಬೊಬ್ಬರಿಗೆ ನಾಲ್ಕು ಗಂಟೆ. ಮೂವತ್ತು ಜನಕ್ಕೆ ಎರಡೆರಡು ಸೂಜಿಯಂತೆ ದಿನಕ್ಕೆ ಅರವತ್ತು ತೂತು. ಸೂಜಿ ಕಿತ್ತ ಮೇಲೆ ಆ ತೂತುಗಳನ್ನು ಯಾರಾದರೂ ಒತ್ತಿ ಹಿಡಿಯಬೇಕು. ಹೆಚ್ಚಿನವರು ತಾವೇ ಒತ್ತಿಕೊಳ್ಳುತ್ತಾರೆ, ಇಲ್ಲವೇ ಜೊತೆಗೆ ಬಂದವರು ಒತ್ತುತ್ತಾರೆ. ಹತ್ತು ನಿಮಿಷದಲ್ಲಿ ರಕ್ತ ನಿಂತು ಅವರು ಚಪ್ಪಲಿ ಹುಡುಕತೊಡಗುತ್ತಾರೆ.

ಹಾಗೆ ನಿಲ್ಲದವರು ದಿನಕ್ಕೆ ಏಳೆಂಟು ಜನ. ಅವರಿಗೆ ಮೂತ್ರಪಿಂಡದ ಜೊತೆಗೆ ಹೃದಯವೂ ಕೆಟ್ಟಿದೆ. ಕೆಲವರ ಎದೆಬಡಿತ ತಾಳ ತಪ್ಪಿದೆ, ಕೆಲವರ ಎದೆಯೊಳಗೆ ಲೋಹದ ಕವಾಟ ಕೂರಿಸಿದ್ದಾರೆ. ಎದೆಯಲ್ಲಿ ರಕ್ತ ಗರಣೆಗಟ್ಟದಿರಲೆಂದು ದಿನವೂ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಾರೆ. ಅದರ ಮೇಲೆ, ಯಂತ್ರದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಲ್ಲಿ ಹೆಪಾರಿನ್ ಎಂಬ ಇನ್ನೊಂದು ಔಷಧ ಸೇರುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಗಾಯ ಬೇಗ ಕಟ್ಟಿಕೊಳ್ಳುವ ಗುಣವೇ ಕಡಿಮೆ. ಮೂರೂ ಕಡೆಯಿಂದ ನೀರಾದ ನೆತ್ತರು ಸೂಜಿಯ ತೂತಿನಲ್ಲಿ ನಿಲ್ಲಲು ಒಪ್ಪುವುದಿಲ್ಲ. ಅಂಥವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರ್ಮಮ್ಮ ಕೂರುತ್ತಾರೆ.

“ಜೋರಾಗಿ ಒತ್ತೋದು ಯಾರಿಗಾದ್ರೂ ಬರುತ್ತೆ ಬಾಬೂ. ಜೋರಾಗಿ ಒತ್ತಿದ್ರೆ ರಕ್ತಾನೂ ನಿಲ್ಲುತ್ತೆ, ಒಳಗಿನ ಮಾತೂ ನಿಂತುಹೋಗುತ್ತೆ. ತೂತು ಮುಚ್ಚಬೇಕು, ಹೊಳೆ ಮುಚ್ಚಬಾರದು” ಎಂದು ನನಗೆ ಹೇಳುತ್ತಾರೆ. “ಇನ್ನೊಂದು, ಎತ್ತಿ ನೋಡಬಾರದು. ನಿಂತಿತಾ, ನಿಂತಿತಾ ಅಂತ ಎರಡು ನಿಮಿಷಕ್ಕೊಂದು ಸಲ ಬಟ್ಟೆ ಎತ್ತಿದ್ರೆ ಕಟ್ಟಿದ್ದೂ ಕಿತ್ತುಹೋಗುತ್ತೆ. ಹೆಪ್ಪು ಹಾಕಿದ ಗಡಿಗೆ ಅಲ್ಲಾಡಿಸ್ತಾ ಕೂತರೆ ಮೊಸರಾಗುತ್ತಾ?”

ಎತ್ತಿ ನೋಡದಿರುವುದು ಕಷ್ಟದ ಕೆಲಸ. ತನ್ನ ರಕ್ತ ತನ್ನ ಕಣ್ಣೆದುರು ಹೋಗುತ್ತಿರುವವನಿಗೆ ಒಂದು ನಿಮಿಷ ಒಂದು ಜಾವದಷ್ಟು ಉದ್ದ. ಅದಕ್ಕೆ ಕೂರ್ಮಮ್ಮನ ಬಳಿ ಒಂದು ಉಪಾಯವಿದೆ. ಬೆರಳು ಇಟ್ಟ ಕೂಡಲೇ ಅವರು ಕಥೆ ಹೇಳಲು ತೊಡಗುತ್ತಾರೆ. ಹನ್ನೊಂದು ವರ್ಷಗಳಿಂದ ಅದೇ ಕಥೆ, ನೀಲಮ್ಮನ ಕಥೆ.

ಕೂರ್ಮಮ್ಮನ ತಂದೆ ಎರ್ರಯ್ಯ ಜಮುಕುಲ ಕಥೆ ಹೇಳುವವರಾಗಿದ್ದರು. ಜಮುಕು ಎಂದರೆ ನಮ್ಮ ಜೋಗತಿಯರ ಚೌಡಿಕೆಗೆ ತಂಗಿ. ಒಂದು ಬಾಯಿಗೆ ಚರ್ಮ ಬಿಗಿದ ಮರದ ಕೊಳಗ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಒಂದು ಕೈಯಲ್ಲಿ ತಂತಿಯನ್ನು ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಮೀಟಿದರೆ ಅದು ಅಳುತ್ತದೆ, ನಗುತ್ತದೆ, ಕೇಳಿದವರನ್ನು ಹೆಸರು ಹಿಡಿದು ಕರೆಯುತ್ತದೆ. ಸಂಕ್ರಾಂತಿ ಕಳೆದು ಕೈ ಬಿಡುವಾದ ದಿನಗಳಲ್ಲಿ ಉದ್ದಾನದ ತೆಂಗಿನ ತೋಪುಗಳ ನೆರಳಿನಲ್ಲಿ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೂ ಕಥೆ ನಡೆಯುತ್ತಿತ್ತು. ಕೇಳಲು ಬಂದವರು ಎಳನೀರು ಕೆತ್ತಿಕೊಂಡು ಕೂರುತ್ತಿದ್ದರು. ಹಲಸಿನ ಹಣ್ಣು ಬಿಡಿಸಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಂದು ಅದೇ ತೋಪಿನ ಮಕ್ಕಳಿಗೆ ವೈದ್ಯರು ಮೊದಲು ಹೇಳುವ ಮಾತು, ಎಳನೀರು ಮುಟ್ಟಬೇಡಿ, ಹಲಸು ಮುಟ್ಟಬೇಡಿ. ಇಲ್ಲಿ ಮೂತ್ರಪಿಂಡದ ರೋಗ ತಲುಪದ ಓಣಿ ಹುಡುಕುವುದು ಕಷ್ಟ. ಪರೀಕ್ಷೆಗೆಂದು ನೀರನ್ನು ಶೀಶೆಯಲ್ಲಿ ತುಂಬಿಕೊಂಡು ಹೋದವರೂ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ಹೋದವರೂ ಕಾರಣ ಇದೇ ಎಂದು ಇನ್ನೂ ಖಚಿತವಾಗಿ ಹೇಳಿಲ್ಲ.

“ಅಪ್ಪ ಕಥೆ ಹೇಳ್ತಾ ಮೀಟೋವಾಗ ತಂತಿ ಬಿಗಿ ಹಿಡಿಯೋದು ನನ್ನ ಕೆಲಸ. ಬಿಗಿ ಜಾಸ್ತಿ ಆದ್ರೆ ಕಿರುಚುತ್ತೆ, ಸಡಿಲ ಬಿಟ್ರೆ ಮೂಕ ಆಗುತ್ತೆ. ಎಂಟು ವರ್ಷದವಳಿಂದ ಇಪ್ಪತ್ತರವರೆಗೂ ಹಿಡಿದೆ. ಈ ತೋಳು ಮುಟ್ಟಿದ ಮೊದಲ ದಿನಾನೇ ಗೊತ್ತಾಯ್ತು ನನಗೆ, ಇದು ಅದೇ ತಂತಿ ಅಂತ.”

ನೀಲಮ್ಮ ಬೆಟ್ಟದ ಹುಡುಗಿ. ಕಡಲಿಗೆ ಹೋದ ಅಣ್ಣನನ್ನು ಹುಡುಕಿಕೊಂಡು ಒಬ್ಬಳೇ ಹೊರಡುತ್ತಾಳೆ. ದಾರಿಯಲ್ಲಿ ನಿಂತು ಹೋಗುವ ಏಳು ನಿಲುವು. ಬೆಟ್ಟದ ಬುಡ, ಬಾವಿ, ಕುಂಬಾರರ ಕೇರಿ, ಹುಣಸೆಮರ, ಉಪ್ಪಿನ ಗದ್ದೆ, ದೋಣಿಯ ರೇವು, ಕೊನೆಗೆ ಕಡಲು. ಒಂದೊಂದು ನಿಲುವಿನಲ್ಲೂ ಯಾರೋ ಒಬ್ಬ ಹೆಂಗಸು ಅವಳನ್ನು ಕೂರಿಸಿ ಬಡಿಸುತ್ತಾಳೆ. ಕುಂಬಾರರ ಕೇರಿಯಲ್ಲಿ ಹೊಸ ಗಡಿಗೆಯ ರಾಗಿ ಅಂಬಲಿ, ಹುಣಸೆಮರದಡಿ ಚಿಗುರಿನ ಸಾರು, ಉಪ್ಪಿನ ಗದ್ದೆಯಲ್ಲಿ ಗಂಜಿ ಮತ್ತು ಒಣಮೀನು. ‘ಅಮ್ಮ ಬಂದಳು ಬಾಗಿಲಿಗೆ, ಏನು ಬಡಿಸಿದೆ ತಂಗಿ?’ ಎಂಬ ಸೊಲ್ಲು ಪ್ರತಿ ನಿಲುವಿನಲ್ಲೂ ಮರಳಿ ಬರುತ್ತದೆ.

ಒಂದು ನಿಲುವು ಹೇಳಲು ಐದು ನಿಮಿಷ. ಗೋಡೆಯ ಮೇಲೆ ಗಡಿಯಾರವಿದ್ದರೂ ವಾರ್ಡಿನ ಲೆಕ್ಕವೆಲ್ಲ ನೀಲಮ್ಮನ ನಡಿಗೆಯದೇ. ಸಾಧಾರಣ ರೋಗಿಯ ರಕ್ತ ಬಾವಿಯ ಹತ್ತಿರ ನಿಲ್ಲುತ್ತದೆ. ಮಾತ್ರೆ ನುಂಗುವವರದು ಹುಣಸೆಮರದ ತನಕ ಹೋಗುತ್ತದೆ. ಸೂಜಿ ಹಾಕುವ, ತೆಗೆಯುವ ತಂತ್ರಜ್ಞ ದಿಲ್ಲೀಶ್ವರರಾವು ಓದಿ ಪಾಸಾದ ಹುಡುಗ. ಅವನೂ ಈಗ ಕೇಳುವುದು “ಅಕ್ಕಾ, ಅವರು ಎಲ್ಲಿಗೆ ನಿಂತರು?” ಎಂದೇ.

ಏಳನೆಯ ನಿಲುವನ್ನು ಮಾತ್ರ ಕೂರ್ಮಮ್ಮ ಎಂದೂ ಹೇಳುವುದಿಲ್ಲ. ನೀಲಮ್ಮ ಕಡಲಿಗಿಳಿದು ದೇವರಾಗುವ ಭಾಗವದು. ಕಡಲ ದಂಡೆಯ ಅವಳ ಗುಡಿಯ ಮುಂದೆ ಜಮುಕು ಮೀಟುತ್ತ ಹೇಳಿ, ಆರತಿ ಎತ್ತಿ ಮುಗಿಸಬೇಕು. ಕಾಯಿಲೆಯವರ ತಲೆದೆಸೆಯಲ್ಲಿ ಅದನ್ನು ಹೇಳಿದರೆ ಕೇಳಿದವರನ್ನೂ ಅಮ್ಮ ಕೈ ಹಿಡಿದು ಕರೆದೊಯ್ಯುತ್ತಾಳೆ ಎಂಬ ನಂಬಿಕೆ ತಾತ ಮುತ್ತಾತರಿಂದ ಬಂದದ್ದು. ಎರ್ರಯ್ಯನೂ ರೇವಿನಲ್ಲಿ ನಿಲ್ಲಿಸಿ “ಉಳಿದದ್ದು ಅಮ್ಮನ ಚಿತ್ತ” ಎಂದು ಜಮುಕನ್ನು ಕೆಳಗಿಡುತ್ತಿದ್ದರು.

ಕಥೆಯೂ ರಕ್ತವೂ ಮೊದಲ ಸಲ ಒಂದಾದದ್ದು ರೈಲಿನಲ್ಲಿ. ಕೂರ್ಮಮ್ಮನ ಗಂಡ ದಾಲಯ್ಯ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದವರು. ಅವರ ಮೂತ್ರಪಿಂಡ ಸೋತಾಗ ಇಲ್ಲಿ ಯಂತ್ರವಿರಲಿಲ್ಲ. ವಾರಕ್ಕೆ ಎರಡು ಸಲ ವಿಶಾಖಪಟ್ಟಣಕ್ಕೆ ಹೋಗಿ, ಪ್ಯಾಸೆಂಜರ್ ರೈಲಿನಲ್ಲಿ ಮರಳಬೇಕಿತ್ತು. ಒಂದು ಮಧ್ಯಾಹ್ನ ಕೋಟಬೊಮ್ಮಾಳಿ ದಾಟುತ್ತಿದ್ದ ಹಾಗೆ ದಾಲಯ್ಯನ ತೋಳಿನ ಪಟ್ಟಿ ಒದ್ದೆಯಾಯಿತು. ಮೇಲಿನಿಂದ ಮತ್ತೆ ಮತ್ತೆ ಬಟ್ಟೆ ಸುತ್ತಿದರೂ ಕೆಂಪು ಹಬ್ಬುತ್ತಲೇ ಹೋಯಿತು. ಬೋಗಿಯ ತುಂಬ ಜನ ಎದ್ದು ನಿಂತರು, ಒಬ್ಬ ಸರಪಳಿ ಎಳೆಯಲು ಹೋದ.

“ನಡುಗದ್ದೆಯಲ್ಲಿ ರೈಲು ನಿಲ್ಲಿಸಿ ಏನು ಮಾಡೋದು ಅಂದೆ. ಬಟ್ಟೆ ಎಲ್ಲಾ ಬಿಚ್ಚಿ ತೂತಿನ ಮೇಲೆ ಹೆಬ್ಬೆಟ್ಟು ಇಟ್ಟೆ. ನನ್ನ ಗಂಡ ಹೆದರಿ ಕೈ ಕಿತ್ಕೊಳ್ತಾನೆ, ನೋಡ್ಬೇಕು ಅಂತಾನೆ. ಚಿಕ್ಕ ಮಗು ಹಾಗೆ. ಅವನನ್ನ ಹಿಡಿದು ಕೂರಿಸೋಕೆ ನನಗೆ ಬೇರೆ ಏನೂ ತೋಚಲಿಲ್ಲ, ನೀಲಮ್ಮ ಬೆಟ್ಟ ಇಳಿದಳು ಅಂತ ಶುರು ಮಾಡಿದೆ. ಬೋಗಿಗೆ ಬೋಗಿನೇ ಸುಮ್ಮನಾಯ್ತು. ನೀಲಮ್ಮ ಉಪ್ಪಿನ ಗದ್ದೆಗೆ ಬರೋದಕ್ಕೂ, ಕಿಟಕಿಯಲ್ಲಿ ನೌಪಡದ ಉಪ್ಪಿನ ಗದ್ದೆ ಬೆಳ್ಳಗೆ ಕಾಣೋದಕ್ಕೂ ಸರಿಹೋಯ್ತು. ಬೆರಳು ಎತ್ತಿದೆ. ನಿಂತಿತ್ತು.”

ದಾಲಯ್ಯ ಆಮೇಲೆ ಎರಡು ವರ್ಷ ಬದುಕಿದರು. ಅವರು ಹೋದ ಮರುವರ್ಷ ಮೊಗಲಿಪೇಟಕ್ಕೆ ಹತ್ತು ಯಂತ್ರಗಳು ಬಂದವು. “ಯಂತ್ರ ಬಂತು, ಮನುಷ್ಯ ಇರಲಿಲ್ಲ. ಯಂತ್ರದ ಕೆಳಗೆ ಕಸ ಗುಡಿಸೋಕೆ ನಾನು ಬಂದೆ.” ಈ ಮಾತನ್ನು ಹೇಳುವಾಗ ಅವರ ದನಿಯಲ್ಲಿ ದೂರಿಲ್ಲ. ಮಳೆ ಬಂದದ್ದನ್ನೂ ಹೋದದ್ದನ್ನೂ ಹೇಳುವ ಹಾಗೆ ಹೇಳುತ್ತಾರೆ.

ಉಪ್ಪಿನ ಗದ್ದೆಯ ತನಕ ಹೋಗುವ ರೋಗಿ ಈ ವಾರ್ಡಿನಲ್ಲಿ ಒಬ್ಬನೇ. ಅವನು ಮುಖಲಿಂಗಂ. ನಲವತ್ತಾರು ವಯಸ್ಸು, ಗೋಡಂಬಿ ಹುರಿಯುವ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತವನು. ಹತ್ತು ವರ್ಷದ ಹಿಂದೆ ಅವನ ಎದೆಯಲ್ಲಿ ಲೋಹದ ಕವಾಟ ಕೂರಿಸಿದರು, ಐದು ವರ್ಷದ ಹಿಂದೆ ಮೂತ್ರಪಿಂಡ ಕೈಕೊಟ್ಟಿತು. ಪಕ್ಕದಲ್ಲಿ ಕೂತರೆ ಅವನೆದೆಯ ಟಿಕ್ ಟಿಕ್ ಸದ್ದು ಕೇಳುತ್ತದೆ. “ಮದುವೆಲಿ ನಮ್ಮಪ್ಪ ಗಡಿಯಾರ ಕೊಡಲಿಲ್ಲ ಅಂತ ಒಂದು ವರ್ಷ ಮುನಿಸಿಕೊಂಡಿದ್ದ. ದೇವರು ಒಳಗೇ ಇಟ್ಟು ಕಳಿಸಿದ, ಈಗ ತೃಪ್ತಿನಾ?” ಎಂದು ಅವನ ಹೆಂಡತಿ ತವಿಟಮ್ಮ ಎಲ್ಲರೆದುರು ಚುಡಾಯಿಸುತ್ತಾಳೆ.

ಆ ಕವಾಟವೇ ಅವನಿಗೆ ಅತ್ತ ದರಿ ಇತ್ತ ಪುಲಿ. ತೆಳು ಮಾಡುವ ಮಾತ್ರೆ ಕಡಿಮೆಯಾದರೆ ರಕ್ತ ಲೋಹಕ್ಕೆ ಅಂಟಿ ಕವಾಟ ಕಚ್ಚಿಕೊಳ್ಳುತ್ತದೆ, ಇಲ್ಲವೇ ಗರಣೆ ಮಿದುಳಿಗೆ ಏರುತ್ತದೆ. ಮಾತ್ರೆ ಹೆಚ್ಚಾದರೆ ಎಲ್ಲಿಂದಲಾದರೂ ನೆತ್ತರು ಒಡೆಯುತ್ತದೆ. ಅವನು ನಡೆಯಬೇಕಾದದ್ದು ಇವೆರಡರ ನಡುವಿನ ಗದ್ದೆಯ ಬದುವಿನಂಥ ಸಣ್ಣ ದಾರಿಯಲ್ಲಿ.

ಕಳೆದ ವರ್ಷದ ಶ್ರಾವಣ, ವರಲಕ್ಷ್ಮಿ ವ್ರತದ ಹಿಂದಿನ ಗುರುವಾರ, ಅವನು ಆ ಬದುವಿನಿಂದ ಜಾರಿದ.

ಬೆಳಗಿನ ಸರದಿ ಮುಗಿದಿತ್ತು. ದಿಲ್ಲೀಶ್ವರರಾವು ಎರಡೂ ಸೂಜಿ ತೆಗೆದ. ಕೂರ್ಮಮ್ಮ ಎರಡು ಕೈಯ ಬೆರಳುಗಳನ್ನು ಎರಡು ತೂತುಗಳ ಮೇಲಿಟ್ಟು ಕಥೆ ತೊಡಗಿದರು. ಬೆಟ್ಟ, ಬಾವಿ, ಕುಂಬಾರರ ಕೇರಿ, ಹುಣಸೆಮರ. ಉಪ್ಪಿನ ಗದ್ದೆ ಮುಗಿದ ಮೇಲೆ ಬೆರಳು ಸಡಿಲಿಸಿದರೆ ಬಟ್ಟೆ ತೊಯ್ದು ತೊಪ್ಪೆಯಾಗಿತ್ತು. ಹೊಸ ಬಟ್ಟೆ ಇಟ್ಟು ನೀಲಮ್ಮನನ್ನು ರೇವಿಗೆ ನಡೆಸಿದರು. ರೇವಿನ ಹೆಂಗಸು ಬಡಿಸಿದ್ದೂ ಆಯಿತು, ಅಂಬಿಗ ದೋಣಿ ಬಿಚ್ಚಿದ್ದೂ ಆಯಿತು. ಬೆರಳ ಕೆಳಗೆ ಇನ್ನೂ ಬಿಸಿಯಾಗಿ ಒಸರುತ್ತಿತ್ತು.

“ದಿಲ್ಲೀಸೂ, ಇವತ್ತು ಹೆಪಾರಿನ್ ಜಾಸ್ತಿ ಬಿತ್ತಾ?”

“ಯಾವತ್ತಿನಷ್ಟೇ ಅಕ್ಕ. ಒಂದು ಹನಿ ಹೆಚ್ಚಿಲ್ಲ.”

ಅವನು ಓಡಿಹೋಗಿ ಡ್ಯೂಟಿ ವೈದ್ಯರನ್ನು ಕರೆತಂದ. ವೈದ್ಯರು ನೋಡಿದರು, ರಕ್ತದೊತ್ತಡ ಇಳಿಯುತ್ತಿತ್ತು. ಹನಿಹನಿಯಾಗಿ ಸಲೈನ್ ಹಾಕಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು, ಒತ್ತುವುದನ್ನು ಬಿಡಬೇಡಿ ಎಂದರು. ಹೀಗೇ ಆದರೆ ಆ ಮಾತ್ರೆಯನ್ನೇ ನಿಲ್ಲಿಸಬೇಕಾದೀತು ಎಂದು ತಮ್ಮಷ್ಟಕ್ಕೆ ಎಂಬಂತೆ ಅಂದರು. ಬಾಗಿಲಲ್ಲಿ ನಿಂತಿದ್ದ ತವಿಟಮ್ಮ ಅಲ್ಲೇ ಕುಸಿದು ಕೂತಳು. “ನಿಲ್ಲಿಸಬೇಡಿ ಬಾಬೂ! ಆಪರೇಷನ್ ಮಾಡಿದ ದೊಡ್ಡ ಡಾಕ್ಟ್ರು ಹೇಳಿದ್ದಾರೆ, ನಿಲ್ಲಿಸಿದ ದಿನ ಗಡಿಯಾರಾನೂ ನಿಲ್ಲುತ್ತೆ ಅಂತ.”

ಎಲ್ಲರಿಗೂ ಏನು ಆಗುತ್ತಿದೆ ಎಂದು ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಅದು ಗೊತ್ತಾಗದೆ ಮಾತ್ರೆಯನ್ನು ಬಿಡುವುದೂ ತಪ್ಪು, ಕೊಡುವುದೂ ತಪ್ಪು.

ಮುಖಲಿಂಗಂ ಬೂದಿ ಬಣ್ಣದ ಮುಖ ತಿರುಗಿಸಿ ಕೇಳಿದ. “ಅಕ್ಕಾ, ದೋಣಿ ಬಿಚ್ಚಿದ್ರಲ್ಲ. ಇನ್ನು ಕಡಲೇ ತಾನೆ?”

ಕಥೆಗೆ ಮುಂದೆ ದಾರಿಯಿರಲಿಲ್ಲ. ಸುಮ್ಮನಾದರೆ ಅವನು ಬಟ್ಟೆ ಎತ್ತಿ ನೋಡುತ್ತಾನೆ. ಮುಂದುವರಿಸಿದರೆ ಕಡಲು. ಪಕ್ಕದ ಹಾಸಿಗೆಯಲ್ಲಿದ್ದ ಸನ್ಯಾಸಮ್ಮ ಎಂಬ ಎಪ್ಪತ್ತರ ಮುದುಕಿ, ಎರ್ರಯ್ಯನ ಬಾಯಿಂದಲೇ ಈ ಕಥೆ ಕೇಳಿದ್ದವಳು, ತಲೆಯೆತ್ತಿ ಇತ್ತಲೇ ನೋಡುತ್ತಿದ್ದಳು.

ಕೂರ್ಮಮ್ಮ ಹೇಳಿದರು. “ದೋಣಿಗೆ ಒಂದು ಕಾಲು ಇಟ್ಟ ನೀಲಮ್ಮ ಹಿಂದಕ್ಕೆ ತಿರುಗಿದಳು. ಯಾಕೆ ತಿರುಗಿದಳು? ಅಯ್ಯೋ, ಮುಖಲಿಂಗಂ ಮನೆಗೆ ಹೋಗೋದು ಮರೆತೇಬಿಟ್ಟೆನಲ್ಲ ಅಂದಳು.”

“ಎಲೇ ಕೂರ್ಮಿ!” ಸನ್ಯಾಸಮ್ಮ ಎದ್ದು ಕೂರಲು ನೋಡಿದಳು. “ನಿಮ್ಮಪ್ಪ ಹೀಗೆ ಹೇಳಿರಲಿಲ್ಲ!”

“ನಮ್ಮಪ್ಪ ಈ ಸ್ಟೂಲ್ ಮೇಲೆ ಕೂತಿರಲಿಲ್ಲ ದೊಡ್ಡಮ್ಮ. ನೀನು ಸುಮ್ಮನೆ ಮಲಗು.” ಬೆರಳು ಕದಲಲಿಲ್ಲ. “ಬಂದಳು ನೀಲಮ್ಮ. ನಿಮ್ಮ ಬೇವಿನ ಮರ ದಾಟಿದಳು, ನಿಮ್ಮ ಜಗಲಿ ಹತ್ತಿದಳು. ಅಮ್ಮ ಬಂದಳು ಬಾಗಿಲಿಗೆ, ಏನು ಬಡಿಸಿದೆ ತಂಗಿ? ಹೇಳೋ ತಮ್ಮ, ನಿನ್ನ ಹೆಂಡ್ತಿ ಏನು ಬಡಿಸಿದಳು?”

ಮುಖಲಿಂಗಂ ಸಣ್ಣಗೆ ನಕ್ಕ. “ಈಗ ಬಂದ್ರೆ ಏನಿರುತ್ತೆ ಅಕ್ಕ, ಬರೀ ಬೇಳೆ ಸಾರು. ಹೋದ ತಿಂಗಳು ಬಂದಿದ್ರೆ ದಿನಾ ನುಗ್ಗೆಸೊಪ್ಪು ಸಿಗ್ತಿತ್ತು.”

“ದಿನಾ?”

“ಆಷಾಢ ಅಲ್ವಾ! ಆಷಾಢದಲ್ಲಿ ತಿನ್ನದೆ ಇನ್ಯಾವಾಗ ತಿನ್ನೋದು? ಹಿಡಿ ಹಿಡಿ ತಿನ್ನಿಸಿದ್ಲು, ಮೈಗೆ ಶಕ್ತಿ ಬರುತ್ತೆ ಅಂತ. ಶ್ರಾವಣ ಬಂತು, ವ್ರತ ಅಂತ ನಿಂತುಹೋಯ್ತು.”

ಕೂರ್ಮಮ್ಮನಿಗೆ ಒಂದು ಮಾತು ನೆನಪಾಯಿತು. ಯಾವುದೋ ಹಳೆಯ ದಿನ ಹೃದಯದ ವೈದ್ಯರು ಒಬ್ಬ ರೋಗಿಗೆ ಗದರಿದ್ದು ನೆಲ ಒರೆಸುತ್ತಿದ್ದ ಅವರ ಕಿವಿಗೆ ಬಿದ್ದಿತ್ತು. ಸೊಪ್ಪಿಗೂ ಈ ಮಾತ್ರೆಗೂ ಜಗಳ, ತಿಂದರೆ ವಾರವಾರವೂ ಒಂದೇ ಅಳತೆ ತಿನ್ನಿ, ಹಬ್ಬಕ್ಕೊಂದು ತೆರ ಬೇಡ ಎಂದಿದ್ದರು.

“ತವಿಟೀ, ಆಷಾಢದಲ್ಲಿ ಇವನ ಮಾತ್ರೆ ಬದಲಾಯಿಸಿದ್ರಾ?”

“ಹ್ಞೂಂ ಅತ್ತಿಗೆ. ರಕ್ತ ಗಟ್ಟಿ ಆಗ್ತಿದೆ ಅಂತ ಒಂದಿದ್ದದ್ದು ಒಂದೂವರೆ ಮಾಡಿದ್ರು.”

“ಸೊಪ್ಪಿನ ಮಾತು ಅವರಿಗೆ ಹೇಳಿದ್ಯಾ?”

ತವಿಟಮ್ಮ ಕಣ್ಣೊರೆಸಿಕೊಳ್ಳುತ್ತ ತಬ್ಬಿಬ್ಬಾದಳು. “ಅದೇನು ಹೇಳೋ ಮಾತಾ ಅತ್ತಿಗೆ? ಆಷಾಢದಲ್ಲಿ ಗೋರಂಟಿ ಹಚ್ಕೊಂಡ್ಯಾ ಅಂತ ಡಾಕ್ಟ್ರು ಕೇಳ್ತಾರಾ? ನೀವು ಕಲಿಸಿದ ಹಾಗೇ ಮಾಡಿದ್ದೀನಿ. ಬೇಯಿಸಿ, ನೀರೆಲ್ಲ ಚೆಲ್ಲಿ, ಹಿಂಡಿ ಹಾಕಿದ್ದೀನಿ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂತ್ರಪಿಂಡ ಸೋತವರಿಗೆ ಸೊಪ್ಪಿನ ಪೊಟ್ಯಾಸಿಯಂ ಹೋಗಲೆಂದು ಬೇಯಿಸಿದ ನೀರು ಚೆಲ್ಲುವುದನ್ನು ಇಲ್ಲಿಯೇ ಕಲಿಸುತ್ತಾರೆ. ಆದರೆ ಮಾತ್ರೆಯೊಂದಿಗೆ ಜಗಳವಾಡುವ ಗುಣ ನೀರಿನ ಜೊತೆ ಚೆಲ್ಲಿಹೋಗುವಂಥದ್ದಲ್ಲ, ಎಲೆಯಲ್ಲೇ ಉಳಿಯುವಂಥದ್ದು. ಆಷಾಢದ ತಿಂಗಳೆಲ್ಲ ಸೊಪ್ಪು ಮಾತ್ರೆಯ ಕೈ ಕಟ್ಟಿಹಾಕಿತ್ತು. ಮಾತ್ರೆ ಸಾಲದೆಂದು ವೈದ್ಯರು ಹೆಚ್ಚಿಸಿದ್ದರು. ಶ್ರಾವಣದಲ್ಲಿ ಸೊಪ್ಪು ಹೋಯಿತು, ಹೆಚ್ಚಿಸಿದ ಮಾತ್ರೆ ಉಳಿಯಿತು.

ಕೂರ್ಮಮ್ಮ ತಲೆಯೆತ್ತದೆ ದಿಲ್ಲೀಶ್ವರರಾವಿಗೆ ಹೇಳಿದರು. “ನಾನು ಓದಿದವಳಲ್ಲ. ಆದ್ರೆ ಈ ಮಾತು ಹೃದಯದ ಡಾಕ್ಟ್ರಿಗೆ ಫೋನಿನಲ್ಲಿ ಹೇಳು. ಆಷಾಢ ಅಂತ ಹೇಳು, ನುಗ್ಗೆಸೊಪ್ಪು ಅಂತ ಹೇಳು, ಒಂದೂವರೆ ಅಂತ ಹೇಳು.”

ಅಷ್ಟು ಹೊತ್ತಿಗೆ ಪರೀಕ್ಷೆಯ ಫಲವೂ ಬಂತು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಸಂಖ್ಯೆ ಮುಖಲಿಂಗನಿಗೆ ಮೂರರ ಆಸುಪಾಸಿನಲ್ಲಿ ಇರಬೇಕು, ಅಂದು ಆರೂವರೆ ಇತ್ತು. ಫೋನಿನಲ್ಲಿ ಹೃದಯದ ವೈದ್ಯರು ಎಲ್ಲ ಕೇಳಿಸಿಕೊಂಡರು. ಮಾತ್ರೆಯನ್ನು ಎರಡು ದಿನ ಮಾತ್ರ ತಡೆಯಿರಿ, ಶನಿವಾರ ಮತ್ತೆ ರಕ್ತ ನೋಡಿ, ಸಂಖ್ಯೆ ಇಳಿದಿದ್ದರೆ ಹಳೆಯ ಒಂದಕ್ಕೇ ಬನ್ನಿ, ಆ ದಿನದ ಡಯಾಲಿಸಿಸ್ ಹೆಪಾರಿನ್ ಇಲ್ಲದೆ ಆಗಲಿ ಎಂದರು. ಪೂರ್ತಿ ನಿಲ್ಲಿಸುವ ಮಾತು ಅಲ್ಲಿಗೆ ಮುಗಿಯಿತು.

ನೀಲಮ್ಮ ಮಾತ್ರ ಇನ್ನೂ ಮುಖಲಿಂಗನ ಮನೆಯಲ್ಲೇ ಇದ್ದಳು. ಬೇಳೆ ಸಾರು ಉಂಡಳು, ನೆರೆಮನೆಗೆ ಹೋಗಿ ಎಲೆಯಡಿಕೆ ಹಾಕಿಕೊಂಡಳು, ಗೋಡಂಬಿ ಒಲೆಯ ಮುಂದೆ ಕೂತು ಹೊಗೆಗೆ ಕಣ್ಣುಜ್ಜಿಕೊಂಡಳು. ಎರ್ರಯ್ಯನ ಕಥೆಯಲ್ಲಿ ಇಲ್ಲದ ಬೀದಿಗಳಲ್ಲೆಲ್ಲ ಅವಳನ್ನು ಕೂರ್ಮಮ್ಮ ನಡೆಸಿದರು. ಬೆರಳು ಇಟ್ಟು ಒಂದು ಗಂಟೆ ಐದು ನಿಮಿಷಕ್ಕೆ ಕೆಳಗಿನ ಒಸರು ತಣ್ಣಗಾಯಿತು. ಬಟ್ಟೆ ಎತ್ತಿದರೆ ಎರಡು ತೂತುಗಳ ಮೇಲೂ ಕುಂಕುಮದ ಬೊಟ್ಟಿನಷ್ಟು ಕಪ್ಪು ಕಟ್ಟಿತ್ತು. ಪಕ್ಕದಲ್ಲಿ ಮೂರು ಬೆರಳು ಇಟ್ಟು ನೋಡಿದರು. ಒಳಗಿನ ತಂತಿ ಮಾತಾಡುತ್ತಿತ್ತು.

“ನನ್ನ ಹೆಬ್ಬೆಟ್ಟು ಮೂರು ದಿನ ಮರಗಟ್ಟಿತ್ತು. ಮುದ್ದೆ ಮುರಿಯೋಕೂ ಆಗಲಿಲ್ಲ” ಎಂದು ಈಗ ನಗುತ್ತಾರೆ.

ಸನ್ಯಾಸಮ್ಮ ಅಂದು ಮನೆಗೆ ಹೊರಡುವಾಗ ಕೂರ್ಮಮ್ಮನ ಗಲ್ಲ ಹಿಡಿದು ಹೇಳಿದ್ದಳಂತೆ. “ನಿಮ್ಮಪ್ಪನಿಗಿಂತ ಚೆನ್ನಾಗಿ ದಾರಿ ತಪ್ಪಿಸ್ತೀಯ ಕಣೇ. ಆದ್ರೆ ಒಂದು ಸಲ ಆ ಹುಡುಗೀನ ಕಡಲು ಸೇರಿಸೇ. ಎಷ್ಟು ಅಂತ ನಡೀತಾಳೆ, ಪಾಪ.” ಹುಣಸೆಮರದ ಹತ್ತಿರ ನಿಲ್ಲುತ್ತಿದ್ದ ಸನ್ಯಾಸಮ್ಮ ಈ ಸಂಕ್ರಾಂತಿಗೆ ಮೊದಲೇ ಮನೆಯಲ್ಲಿ ನಿದ್ದೆಯಲ್ಲೇ ಹೋದಳು. ಅವಳ ಹಾಸಿಗೆಗೆ ಬೇರೆಯವರು ಬಂದಿದ್ದಾರೆ. ಕಥೆ ಹುಣಸೆಮರಕ್ಕೆ ಬಂದಾಗ ಮಾತ್ರ ಕೂರ್ಮಮ್ಮ ಈಗಲೂ ಒಂದು ಉಸಿರು ಹೆಚ್ಚು ನಿಲ್ಲುತ್ತಾರೆ.

ಈಗ ಮತ್ತೆ ಆಷಾಢ. ಉದ್ದಾನದ ಬೇಲಿಗಳಲ್ಲಿ ನುಗ್ಗೆ ಚಿಗುರಿದೆ. ಹೆಣ್ಣುಮಕ್ಕಳ ಅಂಗೈ ಗೋರಂಟಿಯಿಂದ ಕೆಂಪಾಗಿದೆ. ಜಗಲಿಯ ಬೆಂಚಿನ ಹತ್ತಿರ ತವಿಟಮ್ಮ ತನ್ನ ಚೀಲದಿಂದ ಒಂದು ಪುಟ್ಟ ಹಿತ್ತಾಳೆ ಸೌಟು ತೆಗೆದು ಹೊಸದಾಗಿ ಬಂದ ರೋಗಿಗಳ ಹೆಂಡಿರಿಗೆ ತೋರಿಸುತ್ತಿದ್ದಾಳೆ. “ವಾರಕ್ಕೆ ಎರಡು ಸಲ, ಇದರಲ್ಲಿ ಒಂದು. ಆಷಾಢಕ್ಕೂ ಇಷ್ಟೇ, ಮಾಘಕ್ಕೂ ಇಷ್ಟೇ. ಡಾಕ್ಟ್ರೇ ನೋಡಿ ಒಪ್ಪಿದ ಸೌಟು ಇದು. ವ್ರತ ಹಿಡಿದ್ರೂ ಹೇಳಿ, ಹಲ್ಲುಜ್ಜುವಾಗ ರಕ್ತ ಬಂದ್ರೂ ಹೇಳಿ. ನನ್ನ ಗಂಡ ಆವಾಗ ಬೇವಿನಕಡ್ಡಿ ಒರಟು ಅಂತ ಸುಮ್ಮನಿದ್ದ, ಪುಣ್ಯಾತ್ಮ.”

“ಎಲ್ಲರ ಮುಂದೆ ಹೇಳು ಅದನ್ನ” ಎಂದು ಮುಖಲಿಂಗಂ ಗೊಣಗುತ್ತಾನೆ.

“ಹೇಳ್ತಾನೇ ಇದ್ದೀನಲ್ಲ.”

ಹತ್ತೂಕಾಲು. ಬೆಳಗಿನ ಸರದಿ ಮುಗಿದಿದೆ. ಕೂರ್ಮಮ್ಮನ ಬೆರಳು ಮುಖಲಿಂಗನ ತೋಳಿನ ಮೇಲಿದೆ, ನೀಲಮ್ಮ ಹುಣಸೆಮರ ದಾಟಿದ್ದಾಳೆ. ಉಪ್ಪಿನ ಗದ್ದೆಯ ಹೆಂಗಸು ಗಂಜಿ ಬಡಿಸಿ ಒಣಮೀನು ಸುಟ್ಟುಕೊಟ್ಟ ಮೇಲೆ ಕೂರ್ಮಮ್ಮ ಬಟ್ಟೆಯನ್ನು ಮೆಲ್ಲಗೆ ಎತ್ತುತ್ತಾರೆ. ನಿಂತಿದೆ. ಎಲ್ಲಿ ನಿಲ್ಲಬೇಕೋ ಅಲ್ಲೇ.

ಮನೆಯ ಗೋಡೆಯ ಮೇಲೆ ಅಪ್ಪನ ಜಮುಕು ಇನ್ನೂ ತೂಗುತ್ತಿದೆ. ಅದರ ತಂತಿ ತುಕ್ಕು ಹಿಡಿದಿದೆ, ಹೊಸದು ಹಾಕಿಸಬೇಕು. ಸೋಮ ಬುಧ ಶುಕ್ರ ಕೆಲವರ ಸರದಿ, ಮಂಗಳ ಗುರು ಶನಿ ಇನ್ನು ಕೆಲವರದು. ಯಾರಿಗೂ ಸೂಜಿಯಿಲ್ಲದ ದಿನ ಭಾನುವಾರ ಒಂದೇ. ಅಂಥ ಒಂದು ಭಾನುವಾರ ಇವರೆಲ್ಲರನ್ನೂ ಕಡಲ ದಂಡೆಯ ನೀಲಮ್ಮನ ಗುಡಿಗೆ ಕರೆದುಕೊಂಡು ಹೋಗಬೇಕೆಂದು ಕೂರ್ಮಮ್ಮನಿಗಿದೆ.

“ನೀಲಮ್ಮನ್ನ ಕಡಲು ಸೇರಿಸ್ತೀನಿ ಅಂತ ಸನ್ಯಾಸಮ್ಮ ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದೆ. ಅವಳಿಗೆ ಆಗಲಿಲ್ಲ, ಇವರಿಗಾದ್ರೂ ಆಗಲಿ. ಎಲ್ಲರೂ ತಮ್ಮ ಕಾಲ ಮೇಲೆ ನಡ್ಕೊಂಡು ಬರಬೇಕು, ಮರಳಲ್ಲಿ ಕೂರಬೇಕು” ಎನ್ನುತ್ತಾರೆ. ಮುಖಲಿಂಗನ ತೋಳಿಗೆ ಪಟ್ಟಿ ಅಂಟಿಸಿ, ಮೇಲೆ ಒಮ್ಮೆ ಸವರಿ, ತಮ್ಮ ಹೆಬ್ಬೆಟ್ಟನ್ನು ಇನ್ನೊಂದು ಕೈಯಿಂದ ನೀವಿಕೊಳ್ಳುತ್ತಾರೆ. “ಜಮುಕು ಮೀಟೋಕೆ ಎರಡು ಕೈ ಬೇಕು ಬಾಬೂ. ಹನ್ನೊಂದು ವರ್ಷದಿಂದ ಈ ಕಥೆ ಹೇಳೋವಾಗೆಲ್ಲ ನನ್ನ ಕೈ ಯಾರದೋ ತೋಳಿನ ಮೇಲಿದೆ. ಒಂದು ಸಲ, ಬೆರಳ ಕೆಳಗೆ ಯಾರ ನೆತ್ತರೂ ಇಲ್ಲದೆ, ಎರಡೂ ಕೈ ಜಮುಕಿನ ಮೇಲಿಟ್ಟು ಹೇಳಬೇಕು.”